ಸಿನಿಮಾ ತುಂಬ ಅವನ ಹೆಸರು, ಮುಖ ಮಾತ್ರ ಇಲ್ಲ: ಯಾಕೆ?

ಪ್ರಶ್ನೆ: ನಮ್ಮೂರಿನ ಫಿಲ್ಮ್ ಸೊಸೈಟಿಯಲ್ಲಿ ‘ಸಾಲ್ವತೋರೆ ಜೂಲಿಯಾನೊ’ ಅನ್ನುವ ಹಳೆಯ ಇಟಲಿ ಸಿನಿಮಾ ತೋರಿಸಿದರು. ಸಿಸಿಲಿಯ ಡಕಾಯಿತನ ಕಥೆ ಅಂತ ಆಸೆಯಿಂದ ಹೋಗಿ ಕೂತೆ. ಎರಡು ತಾಸು ಕಳೆದರೂ ಅವನ ಮುಖ ಸರಿಯಾಗಿ ಕಾಣಲಿಲ್ಲ. ಕಥೆ ಒಮ್ಮೆ ಹಿಂದೆ, ಒಮ್ಮೆ ಮುಂದೆ ಓಡುತ್ತದೆ. ಆಮೇಲೆ ಕೋರ್ಟ್ ಶುರುವಾಗಿ ಅಲ್ಲೇ ಉಳಿದುಬಿಡುತ್ತದೆ. ಬಯಲಿನಲ್ಲಿ ಸೇರಿದ ಜನರ ಮೇಲೆ ಗುಂಡು ಹಾರಿಸಲು ಹೇಳಿದ್ದು ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ಇದನ್ನು ಯಾಕೆ ಅಷ್ಟು ದೊಡ್ಡ ಸಿನಿಮಾ ಅನ್ನುತ್ತಾರೆ? ಇದು ನಿಯೋರಿಯಲಿಸಂ ಹೇಗಾಗುತ್ತದೆ? ಇದೇ ನಿರ್ದೇಶಕರ ಇನ್ನೊಂದು ಸಿನಿಮಾ ನೋಡುವುದಾದರೆ ಯಾವುದು ನೋಡಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಪತ್ರದಲ್ಲಿ ಬೇಸರ ಕಾಣುತ್ತದೆ. ಆದರೆ ನೀವು ಗಮನಿಸಿದ್ದೆಲ್ಲ ಸರಿಯಾಗಿಯೇ ಇದೆ. ಮುಖ ಕಾಣುವುದಿಲ್ಲ, ಕಾಲ ಕಲಸಿಹೋಗಿದೆ, ಗುಂಡು ಹಾರಿಸಿ ಅಂದವರ ಹೆಸರು ಬರುವುದಿಲ್ಲ. ನಿರ್ದೇಶಕ ಫ್ರಾಂಚೆಸ್ಕೊ ರೋಸಿ ಈ ಮೂರನ್ನೂ ಬೇಕಂತಲೇ ಮಾಡಿದ್ದಾರೆ. ಮೂರಕ್ಕೂ ಕಾರಣ ಒಂದೇ. ಜೂಲಿಯಾನೊ ಎಂಥ ಮನುಷ್ಯ ಅನ್ನುವುದು ರೋಸಿಗೆ ಅಷ್ಟು ಮುಖ್ಯ ಅಲ್ಲ. ಅವನು ಯಾರಿಗೆ ಬೇಕಾಗಿದ್ದ, ಯಾವಾಗ ಬೇಡವಾದ ಅನ್ನುವುದು ಮುಖ್ಯ. ಇದನ್ನು ಹಿಡಿದುಕೊಂಡು ನೋಡಿದರೆ ಸಿನಿಮಾ ಬೇರೆ ಥರ ಕಾಣುತ್ತದೆ.

ಮೊದಲು ಮೊದಲ ದೃಶ್ಯಕ್ಕೇ ಹೋಗೋಣ. 1950ರ ಜುಲೈ 5, ಕಾಸ್ತೆಲ್ವೆತ್ರಾನೊ ಎಂಬ ಊರಿನ ಒಂದು ಅಂಗಳ. ಬನಿಯನ್ ತೊಟ್ಟ ಒಬ್ಬ ಮನುಷ್ಯ ಬೋರಲು ಬಿದ್ದಿದ್ದಾನೆ. ಪಕ್ಕದಲ್ಲಿ ಬಂದೂಕು. ಕ್ಯಾಮೆರಾ ಮೇಲಿಂದ ನೋಡುತ್ತದೆ. ಅಧಿಕಾರಿಯೊಬ್ಬ ದಿನಾಂಕ, ಬೀದಿ, ಅಂಗಳ, ಹೆಣ ಬಿದ್ದಿರುವ ಭಂಗಿ, ಮೈಮೇಲಿನ ಬಟ್ಟೆ ಎಲ್ಲವನ್ನೂ ಒಂದೊಂದಾಗಿ ಹೇಳುತ್ತಾ ಬರೆಸುತ್ತಾನೆ. ನಮ್ಮ ಕಡೆ ಇದಕ್ಕೆ ಮಹಜರು ಅನ್ನುತ್ತೇವೆ ಅಲ್ವಾ? ಅದೇ. ದನಿಯಲ್ಲಿ ದುಃಖವೂ ಇಲ್ಲ, ಖುಷಿಯೂ ಇಲ್ಲ. ಸರಕಾರದ ಕಾಗದ ತಯಾರಾಗುತ್ತಿದೆ, ಅಷ್ಟೇ. ಆ ಕಾಗದದಲ್ಲಿ ಎಲ್ಲ ವಿವರವೂ ಇದೆ. ಆದರೆ ಅವನು ಸತ್ತದ್ದು ಹೇಗೆ ಅನ್ನುವ ಒಂದು ವಿಷಯ ಮಾತ್ರ ಸುಳ್ಳು.

ಸರಕಾರ ಹೇಳಿದ ಕಥೆ ಇದು: ಕಾರಾಬಿನಿಯೇರಿ ಎಂಬ ಸಶಸ್ತ್ರ ಪಡೆಯ ಕ್ಯಾಪ್ಟನ್ ಆಂತೋನಿಯೊ ಪೆರೆಂಜೆ ಮತ್ತು ಅವನ ಜನ ರಾತ್ರಿ ಜೂಲಿಯಾನೊನನ್ನು ಬೆನ್ನಟ್ಟಿದರು. ಗುಂಡಿನ ಕಾಳಗ ನಡೆಯಿತು. ಅವನು ಅಂಗಳದಲ್ಲಿ ಬಿದ್ದು ಸತ್ತ. ಕೆಲವೇ ದಿನಗಳಲ್ಲಿ ತೊಮ್ಮಾಸೊ ಬೆಸೊತ್ಸಿ ಎಂಬ ಪತ್ರಕರ್ತ ‘ಲೆಯುರೊಪೆಯೊ’ ವಾರಪತ್ರಿಕೆಯಲ್ಲಿ ಈ ಕಥೆಯ ಹೊಲಿಗೆ ಬಿಚ್ಚಿದರು. ಅಕ್ಕಪಕ್ಕದ ಮನೆಯವರನ್ನು ಮಾತಾಡಿಸಿದರು. ಬನಿಯನ್ ಮೇಲಿನ ರಕ್ತದ ಕಲೆ ನೋಡಿದರು. ಬೋರಲು ಬಿದ್ದವನ ರಕ್ತ ಬೆನ್ನಿನ ಕಡೆಗೆ ಹರಿಯುವುದು ಹೇಗೆ? ಅವರ ಲೇಖನದ ತಲೆಬರಹದ ಅರ್ಥ ಇಷ್ಟು: ಖಾತ್ರಿಯಾಗಿರುವುದು ಒಂದೇ, ಅವನು ಸತ್ತಿದ್ದಾನೆ. ಹನ್ನೊಂದು ವರ್ಷ ಬಿಟ್ಟು ಸಿಸಿಲಿಗೆ ಚಿತ್ರೀಕರಣಕ್ಕೆ ಹೋದ ರೋಸಿ ಈ ತಲೆಬರಹವನ್ನೇ ಗಟ್ಟಿಯಾಗಿ ಹಿಡಿದುಕೊಂಡಂತೆ ಕಾಣುತ್ತದೆ. ಖಾತ್ರಿ ಇದ್ದದ್ದನ್ನು ತೋರಿಸಬೇಕು. ಇಲ್ಲದ ಕಡೆ ಆ ಜಾಗವನ್ನು ಖಾಲಿ ಬಿಡಬೇಕು.

ಇನ್ನು ಕಾಲದ ಗೊಂದಲ. ಸಿನಿಮಾ ಗೊತ್ತಾಗಲು ಸಿಸಿಲಿಯಲ್ಲಿ 1943ರಿಂದ 1950ರವರೆಗಿನ ಏಳು ವರ್ಷ ಏನಾಯಿತು ಅನ್ನುವುದು ಸ್ವಲ್ಪ ತಿಳಿದಿರಬೇಕು. ಇಟಲಿಯ ಪ್ರೇಕ್ಷಕರಿಗೆ ಅದು ನಿನ್ನೆ ಮೊನ್ನೆಯ ಪೇಪರ್ ಸುದ್ದಿ, ಹಾಗಾಗಿ ರೋಸಿ ವಿವರಿಸಲು ಹೋಗಲಿಲ್ಲ. ನಮಗೆ ಬೇಕು.

1943ರ ಜುಲೈನಲ್ಲಿ ಅಮೆರಿಕ ಮತ್ತು ಬ್ರಿಟನ್ ಸೇನೆಗಳು ಸಿಸಿಲಿಯಲ್ಲಿ ಇಳಿದವು. ಹೊಟ್ಟೆಗೆ ಇಲ್ಲದ ಕಾಲ. ರೈತರು ಬೆಳೆದ ಗೋಧಿಯನ್ನು ಸರಕಾರಕ್ಕೆ ಒಪ್ಪಿಸಬೇಕು. ನಮ್ಮ ಹಿರಿಯರು ಲೆವಿ ಅನ್ನುತ್ತಿದ್ದರಲ್ಲ, ಅದೇ ಥರ. ಲೆವಿ ಇದ್ದ ಕಡೆ ಕಾಳಸಂತೆ ಇದ್ದೇ ಇರುತ್ತದೆ. ಆ ಸೆಪ್ಟೆಂಬರ್ 2ರಂದು ಮೊಂತೆಲೆಪ್ರೆ ಊರಿನ ಇಪ್ಪತ್ತು ವರ್ಷದ ಹುಡುಗನೊಬ್ಬ ಕಾಳಸಂತೆಯ ಗೋಧಿ ಸಾಗಿಸುತ್ತಾ ತಪಾಸಣೆಯಲ್ಲಿ ಸಿಕ್ಕಿಬಿದ್ದ. ಬಿಡಿಸಿಕೊಳ್ಳುವ ಗಲಾಟೆಯಲ್ಲಿ ಒಬ್ಬ ಕಾರಾಬಿನಿಯೇರಿಯನ್ನು ಕೊಂದು ಬೆಟ್ಟ ಹತ್ತಿದ. ಅವನೇ ಜೂಲಿಯಾನೊ.

ಅಲ್ಲಿಂದ ಮುಂದೆ ಅವನನ್ನು ಒಬ್ಬರಾದ ಮೇಲೆ ಒಬ್ಬರು ಬಳಸಿಕೊಂಡರು. ಸಿಸಿಲಿ ಬೇರೆ ದೇಶವಾಗಬೇಕು ಅನ್ನುವ ಚಳವಳಿಯೊಂದು ಆಗ ಜೋರಾಗಿತ್ತು. ಅದರ ಹಿಂದೆ ದೊಡ್ಡ ಜಮೀನ್ದಾರರಿದ್ದರು. ಅವರಿಗೆ ಬಂದೂಕು ಹಿಡಿಯುವ ಕೈ ಬೇಕಿತ್ತು. 1945ರಲ್ಲಿ ತಮ್ಮ ‘ಸೇನೆ’ಯಲ್ಲಿ ಇವನಿಗೆ ಕರ್ನಲ್ ಪದವಿ ಕೊಟ್ಟರು. 1946ರ ಮೇನಲ್ಲಿ ಸಿಸಿಲಿಗೆ ಸ್ವಾಯತ್ತತೆ ಸಿಕ್ಕಿತು, ಚಳವಳಿ ತಣ್ಣಗಾಯಿತು. ರಾಜಕೀಯದವರಿಗೆ ಕ್ಷಮಾದಾನ ಬಂತು. ಡಕಾಯಿತಿ, ಕೊಲೆ ಕೇಸು ಇದ್ದವರು ಬೆಟ್ಟದಲ್ಲೇ ಉಳಿದರು. ಈ ತಿರುವು ಸಿನಿಮಾದಲ್ಲಿ ಬೇಗ ಹೋಗಿಬಿಡುತ್ತದೆ, ಆದರೆ ಮುಂದಿನದಕ್ಕೆಲ್ಲ ಬೀಜ ಇಲ್ಲಿದೆ.

ಅದೇ ಹೊತ್ತಿನಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು. ಸಾಗುವಳಿ ಇಲ್ಲದೆ ಪಾಳು ಬಿದ್ದ ದೊಡ್ಡ ಜಮೀನುಗಳನ್ನು ರೈತರು ಸಂಘ ಕಟ್ಟಿಕೊಂಡು ಕೇಳತೊಡಗಿದ್ದರು. 1944ರಲ್ಲೇ ಅದಕ್ಕೆ ಕಾನೂನು ಬಂದಿತ್ತು. ಜಮೀನ್ದಾರರು ಪಲೆರ್ಮೊ ಪಟ್ಟಣದಲ್ಲಿ ಇರುತ್ತಿದ್ದರು. ಹಳ್ಳಿಯಲ್ಲಿ ಅವರ ಜಮೀನು ನೋಡಿಕೊಳ್ಳುವ ಗುತ್ತಿಗೆದಾರರಿದ್ದರು. ಮಾಫಿಯಾ ಬಲ ಬೆಳೆಸಿಕೊಂಡದ್ದು ಬಹುಮಟ್ಟಿಗೆ ಈ ಗುತ್ತಿಗೆದಾರರ ನಡುವೆ. ಜಮೀನು ರೈತರ ಕೈಗೆ ಹೋದರೆ ಅವರ ಅನ್ನಕ್ಕೇ ಕಲ್ಲು. 1947ರ ಏಪ್ರಿಲ್ 20ರಂದು ಸಿಸಿಲಿಯ ಮೊದಲ ಪ್ರಾದೇಶಿಕ ಚುನಾವಣೆ ನಡೆಯಿತು. ಎಲ್ಲರ ಲೆಕ್ಕ ತಪ್ಪಿಸಿ ಎಡಪಕ್ಷಗಳ ಕೂಟ ಕ್ರಿಶ್ಚಿಯನ್ ಡೆಮಾಕ್ರಟರು ಎಂಬ ಕ್ಯಾಥೊಲಿಕ್ ಪಕ್ಷಕ್ಕಿಂತ ಮುಂದೆ ಬಂತು.

ಹನ್ನೊಂದು ದಿನ ಆದ ಮೇಲೆ ಮೇ 1. ಪಿಯಾನ ದೆಲ್ಯಿ ಅಲ್ಬನೇಸಿ, ಸಾನ್ ಜುಸೆಪ್ಪೆ ಯಾತೊ, ಸಾನ್ ಚಿಪಿರೆಲ್ಲೊ ಊರುಗಳ ರೈತರು ಹೆಂಡತಿ ಮಕ್ಕಳನ್ನು ಕರೆದುಕೊಂಡು, ಬುತ್ತಿ ಕಟ್ಟಿಕೊಂಡು ಪೋರ್ತೆಲ್ಲ ದೆಲ್ಲ ಜಿನೆಸ್ತ್ರ ಎಂಬ ಬಯಲಿಗೆ ಬಂದರು. ಫ್ಯಾಸಿಸ್ಟರ ಕಾಲದಲ್ಲಿ ನಿಂತುಹೋಗಿದ್ದ ಕಾರ್ಮಿಕರ ದಿನದ ಜಾತ್ರೆ ಅದು. ಭಾಷಣ ಆಗತಾನೆ ಶುರುವಾಗಿತ್ತು. ಬೆಟ್ಟದ ಮೇಲಿಂದ ಗುಂಡು ಬಂತು. 11 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಗಾಯಗೊಂಡವರು ಹತ್ತಾರು.

ಈ ದೃಶ್ಯವನ್ನು ನೀವು ಇನ್ನೊಮ್ಮೆ ನೋಡಬೇಕು, ಬೇಕಾದರೆ ಇದೊಂದನ್ನೇ ನೋಡಿ. ಜನ ಬಾವುಟ ಹಿಡಿದು ಬರುತ್ತಾರೆ. ಕುದುರೆ, ಹೇಸರಗತ್ತೆ, ಮಕ್ಕಳು. ಭಾಷಣದವನು ಮಾತು ಎತ್ತುತ್ತಾನೆ. ಎಲ್ಲಿಂದಲೋ ಟಪಟಪ ಸದ್ದು. ಮೊದಲ ಕ್ಷಣ ಯಾರೂ ಹೆದರುವುದಿಲ್ಲ, ಹಬ್ಬದ ಪಟಾಕಿ ಅಂದುಕೊಳ್ಳುತ್ತಾರೆ. ಆಮೇಲೆ ಒಬ್ಬರು ಬೀಳುತ್ತಾರೆ. ಜನರ ಗುಂಪು ಒಡೆದು ಬಯಲಿನ ತುಂಬ ಚೆಲ್ಲಾಪಿಲ್ಲಿ ಓಡುತ್ತದೆ. ಓಡಿದರೂ ಮರೆಗೆ ಒಂದು ಮರ ಇಲ್ಲ. ಕ್ಯಾಮೆರಾ ಜನರ ನಡುವೆಯೇ ಇದೆ. ಬಂದೂಕು ಹಿಡಿದವರ ಹತ್ತಿರ ಹೋಗುವುದಿಲ್ಲ. ಅಲ್ಲಿದ್ದ ರೈತನಿಗೆ ಕಂಡದ್ದು ಕಲ್ಲು, ಬೆಟ್ಟ, ಸದ್ದು ಮಾತ್ರ. ನಮಗೂ ಅಷ್ಟೇ ಕಾಣುತ್ತದೆ. ರೋಸಿ ಇದನ್ನು ಅದೇ ಬಯಲಿನಲ್ಲಿ, ಅದೇ ಊರುಗಳ ಜನರನ್ನು ಸೇರಿಸಿ ತೆಗೆದರು. ಅವರಲ್ಲಿ ಕೆಲವರು ಆ ದಿನ ನಿಜವಾಗಿಯೂ ಅಲ್ಲಿದ್ದವರು. ಹದಿನಾಲ್ಕು ವರ್ಷದ ಹಿಂದೆ ಜೀವ ಉಳಿಸಿಕೊಂಡು ಓಡಿದ ಬಯಲಿನಲ್ಲಿ ಮತ್ತೆ ಓಡುವುದು ಅಂದರೆ ಹೇಗಿರಬೇಕು, ಯೋಚಿಸಿ. ಆ ಓಟದಲ್ಲಿ ನಟನೆ ಎಷ್ಟು, ನೆನಪು ಎಷ್ಟು ಅಂತ ಬಿಡಿಸಿ ಹೇಳಲು ನನಗೆ ಈವರೆಗೂ ಆಗಿಲ್ಲ.

ಗುಂಡು ಹಾರಿಸಿದ್ದು ಜೂಲಿಯಾನೊನ ಗುಂಪು, ಅದರಲ್ಲಿ ಅನುಮಾನ ಇಲ್ಲ. ಹಾರಿಸಿ ಅಂದದ್ದು ಯಾರು? ಮುಂದೆ ಆ ಗುಂಪಿನ ಒಬ್ಬ ಹೇಳಿದ ಪ್ರಕಾರ, ಮೇ ಒಂದಕ್ಕೆ ಕೆಲವು ದಿನ ಮುಂಚೆ ಜೂಲಿಯಾನೊಗೆ ಒಂದು ಪತ್ರ ಬಂತು. ಅವನು ಓದಿ, ಕಡ್ಡಿ ಗೀರಿ ಸುಟ್ಟುಬಿಟ್ಟ. ‘ನಮ್ಮ ಬಿಡುಗಡೆಯ ಕಾಲ ಬಂತು’ ಅಂದ. ಆ ಪತ್ರದಲ್ಲಿ ಏನಿತ್ತು, ಬರೆದವರು ಯಾರು ಅನ್ನುವುದನ್ನು ಯಾವ ಕೋರ್ಟೂ ತೀರ್ಮಾನಿಸಲಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಆ ಬೂದಿಯ ಜೊತೆ ಹೋಯಿತು. ರೋಸಿ ಒಂದು ಹೆಸರು ಊಹಿಸಿ ತೋರಿಸಬಹುದಿತ್ತು. ದೊಡ್ಡ ಮನೆ, ಸಿಗಾರ್ ಸೇದುವ ಒಬ್ಬ ಮಂತ್ರಿ, ಪಿಸುಮಾತು. ಅಂಥ ದೃಶ್ಯ ನೋಡಿ ನಾವು ಆ ಮಂತ್ರಿಯನ್ನು ಬೈದು ಮನೆಗೆ ಬಂದು ಊಟ ಮಾಡಿ ಮಲಗುತ್ತಿದ್ದೆವು. ನೀವು ಈಗ ಪತ್ರ ಬರೆದು ಕೇಳುತ್ತಿದ್ದೀರಿ. 1962ರಲ್ಲಿ ಸಿನಿಮಾ ಬಂದಾಗ ಇಟಲಿಯ ಜನರೂ ಹೀಗೇ ಕೇಳಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಾಫಿಯಾ ಬಗ್ಗೆ ತನಿಖೆ ಮಾಡಲು ಸಂಸದರ ಸಮಿತಿ ರಚಿಸುವ ಕಾನೂನು ಬಂತು. ಸಿನಿಮಾ ಒಂದರಿಂದಲೇ ಬಂತು ಅಂದರೆ ತಪ್ಪಾಗುತ್ತದೆ. ಆದರೆ ಆ ಹೊತ್ತಿನ ಮಾತುಕತೆಯಲ್ಲಿ ಈ ಸಿನಿಮಾಕ್ಕೆ ದೊಡ್ಡ ಪಾಲು ಇತ್ತು.

ಈಗ ಮುಖದ ವಿಷಯ. ಜೂಲಿಯಾನೊ ಬದುಕಿರುವಾಗ ನಮಗೆ ಕಾಣುವುದು ಬೆಟ್ಟದ ಮೇಲಿನ ಒಂದು ಬಿಳಿ ನಿಲುವಂಗಿ. ದೂರದಿಂದ, ಇಲ್ಲವೇ ಬೆನ್ನ ಹಿಂದಿನಿಂದ. ಮುಖ ನೋಡಲು ಸಿಗುವುದು ಅವನು ಹೆಣವಾದ ಮೇಲೆ. ಆ ಕಾಲದಲ್ಲಿ ಪತ್ರಿಕೆಗಳು ಅವನ ಫೋಟೊ ಹಾಕಿ ಹಾಕಿ ಅವನನ್ನು ಹೀರೋ ಮಾಡಿದ್ದವು. ಚೆಲುವ, ಧೈರ್ಯವಂತ, ಬಡವರ ಬಂಧು. 1987ರಲ್ಲಿ ಬಂದ ಮೈಕಲ್ ಚಿಮಿನೊ ಅವರ ಸಿನಿಮಾ ಹೆಚ್ಚುಕಡಿಮೆ ಅದೇ ದಾರಿ ಹಿಡಿಯಿತು. ಮುಖ ಹತ್ತಿರ ತಂದರೆ ನಾವು ಅವನ ಜೊತೆ ಹೋಗಿಬಿಡುತ್ತೇವೆ. ಅವನ ಕಣ್ಣು, ಅವನ ಪ್ರೀತಿ, ಅವನ ತಾಯಿ. ಆಗ ಪೋರ್ತೆಲ್ಲದಲ್ಲಿ ಸತ್ತ ಮಕ್ಕಳು ಅವನ ಕಥೆಯ ಒಂದು ಅಧ್ಯಾಯವಾಗಿ ಸಣ್ಣದಾಗುತ್ತಾರೆ. ರೋಸಿ ಅದಕ್ಕೆ ಒಪ್ಪಲಿಲ್ಲ. ಇದು ನನಗೆ ತುಂಬಾ ಗೌರವ ಹುಟ್ಟಿಸುವ ವಿಷಯ. ಯಾಕೆಂದರೆ ಹೀರೋ ಇಲ್ಲದ ಡಕಾಯಿತ ಸಿನಿಮಾಕ್ಕೆ ಹಣ ಹಾಕಲು ಆಗಲೂ ಯಾರೂ ಸುಮ್ನೆ ಮುಂದೆ ಬರುತ್ತಿರಲಿಲ್ಲ. ನಿರ್ಮಾಪಕ ಫ್ರಾಂಕೊ ಕ್ರಿಸ್ತಾಲ್ದಿ ಅವರ ಬೆಂಬಲವನ್ನೂ ನೆನೆಯಬೇಕು.

ಮೊಂತೆಲೆಪ್ರೆಯ ದೃಶ್ಯದಲ್ಲೂ ಇದೇ ಲೆಕ್ಕ. ಸೈನಿಕರು ಊರಿನ ಗಂಡಸರನ್ನೆಲ್ಲ ಮನೆಗಳಿಂದ ಹೊರಗೆಳೆದು ಹಿಡಿದುಕೊಂಡು ಹೋಗುತ್ತಾರೆ. ಸ್ವಲ್ಪ ಹೊತ್ತು ಬೀದಿ ಖಾಲಿ. ಆಮೇಲೆ ಕಪ್ಪು ಬಟ್ಟೆ ಉಟ್ಟ ಹೆಂಗಸರು ಒಂದೊಂದು ಬಾಗಿಲಿನಿಂದ ಹೊರಬಿದ್ದು, ಓಣಿ ಓಣಿಯಿಂದ ಸೇರಿಕೊಂಡು, ಕೂಗುತ್ತಾ ಇಳಿಜಾರಿನ ಬೀದಿ ತುಂಬ ಹರಿದು ಬರುತ್ತಾರೆ. ಮಳೆಗಾಲದ ಹಳ್ಳ ಬಂದ ಹಾಗೆ. ಸೈನಿಕರು ಅವರನ್ನು ತಡೆಯಲು ಒದ್ದಾಡುತ್ತಾರೆ. ಅವರಲ್ಲಿ ಒಬ್ಬಳ ಹೆಸರೂ ನಮಗೆ ಗೊತ್ತಿಲ್ಲ. ಆದರೆ ಜೂಲಿಯಾನೊನನ್ನು ಊರು ಯಾಕೆ ಬಚ್ಚಿಟ್ಟಿತು ಅನ್ನುವುದು ಆ ದೃಶ್ಯದಿಂದ ಗೊತ್ತಾಗುತ್ತದೆ. ಒಂದು ಕಡೆ ಸರಕಾರದ ಬೂಟು, ಇನ್ನೊಂದು ಕಡೆ ಬೆಟ್ಟದ ಬಂದೂಕು. ನಡುವೆ ಸಿಕ್ಕ ಊರು ಬಾಯಿ ಮುಚ್ಚಿಕೊಂಡಿತು.

ಅವನು ಬೇಡವಾದದ್ದು ಹೇಗೆ? 1948ರ ಏಪ್ರಿಲ್ ಚುನಾವಣೆಯಲ್ಲಿ ಕ್ರಿಶ್ಚಿಯನ್ ಡೆಮಾಕ್ರಟರು ದೇಶದ ಮಟ್ಟದಲ್ಲಿ ದೊಡ್ಡದಾಗಿ ಗೆದ್ದರು. ಎಡಪಕ್ಷದವರನ್ನು ಹೆದರಿಸುವ ಬಂದೂಕು ಇನ್ನು ಅಷ್ಟು ಬೇಕಾಗಿರಲಿಲ್ಲ. 1949ರ ಆಗಸ್ಟ್‌ನಲ್ಲಿ ಬೆಲ್ಲೊಲಾಂಪೊ ಹತ್ತಿರ ಬಾಂಬ್ ಇಟ್ಟು ಜೂಲಿಯಾನೊ ಗುಂಪು 7 ಕಾರಾಬಿನಿಯೇರಿಗಳನ್ನು ಕೊಂದಿತು. ಅದಾದ ಮೇಲೆ ಕರ್ನಲ್ ಉಗೊ ಲೂಕಾ ಅವರ ಕೆಳಗೆ ವಿಶೇಷ ಪಡೆ ಬಂತು. ಇಲ್ಲಿ ಒಂದು ಸೂಕ್ಷ್ಮ ಇದೆ, ಗೊತ್ತಿಲ್ಲದಿದ್ದರೆ ಸಿನಿಮಾದ ಎರಡನೇ ಭಾಗ ಕೈಗೆ ಹತ್ತುವುದಿಲ್ಲ. ಇಟಲಿಯಲ್ಲಿ ಪೊಲೀಸರು ಬೇರೆ, ಕಾರಾಬಿನಿಯೇರಿ ಬೇರೆ. ಪೊಲೀಸರು ಗೃಹ ಇಲಾಖೆಯವರು. ಕಾರಾಬಿನಿಯೇರಿ ಅಂದರೆ ಆಗ ಸೇನೆಗೆ ಸೇರಿದ್ದ ಪಡೆ. ಹಿಡಿದ ಹೆಸರು ತಮಗೇ ಬರಬೇಕು ಅಂತ ಇಬ್ಬರ ನಡುವೆ ಪೈಪೋಟಿ. ಒಬ್ಬರಿಗೆ ಗೊತ್ತಿದ್ದದ್ದನ್ನು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ. ಈ ಬಿರುಕಿನಲ್ಲಿ ಮಾಫಿಯಾ ನುಸುಳಿತು. ನಿನ್ನೆವರೆಗೆ ಅಡಗಿಸಿಟ್ಟವರನ್ನು ಇವತ್ತು ಒಬ್ಬೊಬ್ಬರಾಗಿ ಹಿಡಿದುಕೊಟ್ಟಿತು. ಸಿನಿಮಾದಲ್ಲಿ ಮಾಫಿಯಾದವರು ಕೂಗಾಡುವುದಿಲ್ಲ, ಬಂದೂಕು ಹಿಡಿದು ಪೋಸು ಕೊಡುವುದಿಲ್ಲ. ಮದುವೆ ಮಾತುಕತೆಗೆ ಬಂದ ಹಿರಿಯರ ಹಾಗೆ ನಿಧಾನ ಮಾತಾಡುತ್ತಾರೆ. ನೋಡಿದರೆ ಮೈ ಜುಂ ಅನ್ನುತ್ತದೆ.

ಕೊನೆಗೆ ಕಾರಾಬಿನಿಯೇರಿಗಳು ಜೂಲಿಯಾನೊನ ಬಲಗೈ ಗಾಸ್ಪರೆ ಪಿಶೊತ್ತನನ್ನೇ ಒಲಿಸಿಕೊಂಡರು. ಮಲಗಿದ್ದವನಿಗೆ ಪಿಶೊತ್ತ ಗುಂಡು ಹೊಡೆದ. ಕಾರಾಬಿನಿಯೇರಿಗಳು ಹೆಣವನ್ನು ಅಂಗಳಕ್ಕೆ ತಂದು ಹಾಕಿ, ಅದರ ಮೇಲೆ ಇನ್ನಷ್ಟು ಗುಂಡು ಹಾರಿಸಿ, ಕಾಳಗ ಆಯಿತು ಅಂತ ತೋರಿಸಿದರು. ಇದನ್ನು ರೋಸಿ ಮುಚ್ಚಿಡುವುದಿಲ್ಲ, ಕಣ್ಣೆದುರೇ ತೋರಿಸುತ್ತಾರೆ. ಆದರೆ ತೋರಿಸುವುದು ತುಂಬಾ ತಡವಾಗಿ. ಅಷ್ಟರಲ್ಲಿ ನಾವು ಮೊದಲ ದೃಶ್ಯದ ಮಹಜರನ್ನು ನಂಬಿಬಿಟ್ಟಿರುತ್ತೇವೆ. ಕಥೆಯನ್ನು ಹಿಂದೆ ಮುಂದೆ ಮಾಡಿದ್ದರ ಲಾಭ ಇದೇ. ಘಟನೆಗಳನ್ನು ನಡೆದ ಕ್ರಮದಲ್ಲಿ ಹೇಳಿದ್ದರೆ, ಕಾಗದದ ಮೇಲೆ ಒಂದು, ನೆಲದ ಮೇಲೆ ಇನ್ನೊಂದು ಅನ್ನುವುದು ನಮಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಕೋರ್ಟ್ ಜಾಸ್ತಿ ಆಯಿತು ಅಂದಿರಿ. ಅಲ್ಲಿ ಮಾತು ಜಾಸ್ತಿ, ನಿಜ. ಆದರೆ ಕಿವಿಗೊಟ್ಟು ಕೇಳಿ. ಪೋರ್ತೆಲ್ಲ ಹತ್ಯೆಯ ವಿಚಾರಣೆ ನಡೆದದ್ದು ಸಿಸಿಲಿಯಿಂದ ದೂರದ ವಿತೆರ್ಬೊ ಪಟ್ಟಣದಲ್ಲಿ, 1950ರಿಂದ 1952ರವರೆಗೆ. ಆರೋಪಿಗಳೆಲ್ಲ ಕಬ್ಬಿಣದ ಪಂಜರದೊಳಗೆ. ನ್ಯಾಯಾಧೀಶರ ಪಾತ್ರ ಮಾಡಿದವರು ಸಾಲ್ವೊ ರಂದೋನೆ, ಪಿಶೊತ್ತನ ಪಾತ್ರ ಅಮೆರಿಕದ ಫ್ರಾಂಕ್ ವುಲ್ಫ್. ಇಡೀ ಸಿನಿಮಾದಲ್ಲಿ ಹೇಳಿಕೊಳ್ಳುವಂಥ ವೃತ್ತಿ ನಟರು ಇವರಿಬ್ಬರೇ. ನ್ಯಾಯಾಧೀಶರು ತಾಳ್ಮೆಯಿಂದ ಕೇಳುತ್ತಾ ಹೋಗುತ್ತಾರೆ. ನಿನಗೆ ಓಡಾಡಲು ಪಾಸ್ ಕೊಟ್ಟವರು ಯಾರು? ಅದರ ಮೇಲೆ ಸಹಿ ಯಾರದ್ದು? ಪ್ರತಿ ಪ್ರಶ್ನೆಗೂ ಬಾಗಿಲು ಸ್ವಲ್ಪ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಗೃಹಮಂತ್ರಿ ಮಾರಿಯೊ ಶೆಲ್ಬಾ ಜೊತೆ ಒಪ್ಪಂದ ಮಾಡಿಕೊಂಡೇ ಜೂಲಿಯಾನೊನನ್ನು ಕೊಂದೆ ಅಂತ ಪಿಶೊತ್ತ ಕೋರ್ಟಿನಲ್ಲಿ ಹೇಳಿದ. ಅದು ಸಾಬೀತಾಗಲಿಲ್ಲ. ವಿತೆರ್ಬೊದಲ್ಲಿ ಅವನು ಹೇಳಿದ ಇನ್ನೊಂದು ಮಾತು ಇಟಲಿಯಲ್ಲಿ ಇವತ್ತಿಗೂ ಓಡಾಡುತ್ತದೆ: ಡಕಾಯಿತರು, ಪೊಲೀಸರು, ಮಾಫಿಯಾ, ನಾವೆಲ್ಲ ಒಂದೇ ದೇಹ; ತಂದೆ, ಮಗ, ಪವಿತ್ರಾತ್ಮ ಇದ್ದ ಹಾಗೆ. ಅವನಿಗೆ ಜೀವಾವಧಿ ಶಿಕ್ಷೆ ಆಯಿತು. ಇನ್ನೂ ಹೇಳುವುದಿದೆ ಅನ್ನುತ್ತಿದ್ದ. 1954ರ ಫೆಬ್ರವರಿ 9ರಂದು ಪಲೆರ್ಮೊದ ಉಚ್ಚರ್ದೊನೆ ಜೈಲಿನಲ್ಲಿ ಸ್ಟ್ರಿಕ್ನಿನ್ ವಿಷದಿಂದ ಸತ್ತ.

ಸಿನಿಮಾ ಅಲ್ಲಿಗೂ ನಿಲ್ಲದೆ 1960ಕ್ಕೆ ಹಾರುತ್ತದೆ. ಸಂತೆಯ ಗದ್ದಲದಲ್ಲಿ ಒಬ್ಬ ಮಾಫಿಯಾದವನಿಗೆ ಗುಂಡು ಬೀಳುತ್ತದೆ. ಅವನು ಬಿದ್ದ ರೀತಿ ನೋಡಿದರೆ ಮೊದಲ ದೃಶ್ಯದ ಅಂಗಳ ನೆನಪಾಗುತ್ತದೆ. ಡಕಾಯಿತ ಹೋದ, ಅವನನ್ನು ಬಳಸಿಕೊಂಡ ಯಂತ್ರ ಇನ್ನೂ ತಿರುಗುತ್ತಿದೆ.

ನಿಯೋರಿಯಲಿಸಂ ಬಗ್ಗೆ ಕೇಳಿದ್ದೀರಿ. ಯುದ್ಧ ಮುಗಿದ ಹೊಸದರಲ್ಲಿ ರೊಸೆಲ್ಲಿನಿ, ದೆ ಸಿಕಾ, ವಿಸ್ಕೊಂತಿ ಎಂಬ ಇಟಲಿಯ ನಿರ್ದೇಶಕರು ಸ್ಟುಡಿಯೊ ಬಿಟ್ಟು ಬೀದಿಗೆ ಬಂದರು. ನಟರಲ್ಲದವರನ್ನು, ನಿಜವಾದ ಜಾಗಗಳನ್ನು, ಬಡವರ ದಿನದ ಪಾಡನ್ನು ತೆರೆಗೆ ತಂದರು. ಅದೇ ನಿಯೋರಿಯಲಿಸಂ. ರೋಸಿ ನೇಪಲ್ಸ್‌ನಲ್ಲಿ ಹುಟ್ಟಿದವರು, 1922ರಲ್ಲಿ. ಜೂಲಿಯಾನೊ ಹುಟ್ಟಿದ್ದೂ ಅದೇ ವರ್ಷ, ಅದೇ ನವೆಂಬರ್ ತಿಂಗಳು. 1948ರ ‘ಲಾ ತೆರ್ರಾ ತ್ರೆಮಾ’ ಚಿತ್ರಕ್ಕೆ ರೋಸಿ ವಿಸ್ಕೊಂತಿಯ ಸಹಾಯಕರಾಗಿ ದುಡಿದರು. ಸಿಸಿಲಿಯ ಮೀನುಗಾರರು ತಮ್ಮದೇ ಆಡುಮಾತಿನಲ್ಲಿ ಮಾತಾಡುವ ಸಿನಿಮಾ ಅದು. ರೋಸಿಗೆ ಪಾಠಶಾಲೆ ಅದೇ. ಜೂಲಿಯಾನೊ ಸಿನಿಮಾದಲ್ಲೂ ಅದೇ ಊರು, ಅದೇ ಅಂಗಳ, ಅದೇ ಜನ, ಅದೇ ಮಾತು. ವ್ಯತ್ಯಾಸ ಒಂದು ಕಡೆ ಇದೆ. ದೆ ಸಿಕಾನ ‘ಬೈಸಿಕಲ್ ಥೀವ್ಸ್’ ಸಿನಿಮಾದಲ್ಲಿ ಸೈಕಲ್ ಕಳೆದುಕೊಂಡ ಬಡವನ ಜೊತೆ ನಾವು ಅಳುತ್ತೇವೆ. ಅವನ ಸೈಕಲ್ ಕದ್ದವನೂ ಬಡವನೇ. ರೋಸಿ ಇನ್ನೊಂದು ಮೆಟ್ಟಿಲು ಹತ್ತಿ, ಈ ಬಡತನದಿಂದ ಯಾರಿಗೆ ಲಾಭ ಅಂತ ವಿಚಾರಿಸುತ್ತಾರೆ. ಹಾಗಾಗಿ ಇದನ್ನು ತನಿಖಾ ಸಿನಿಮಾ ಅನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಇದು ನಿಯೋರಿಯಲಿಸಂನ ಮನೆಮಗನೇ, ಆದರೆ ಲೆಕ್ಕ ಕೇಳಲು ಕಲಿತ ಮಗ. 1962ರ ಬರ್ಲಿನ್ ಚಿತ್ರೋತ್ಸವದಲ್ಲಿ ರೋಸಿಗೆ ಅತ್ಯುತ್ತಮ ನಿರ್ದೇಶನದ ಬೆಳ್ಳಿ ಕರಡಿ ಬಂತು. ಕ್ಯಾಮೆರಾ ಹಿಡಿದವರು ಜಾನ್ನಿ ದಿ ವೆನಾಂಜೊ. ಸಿಸಿಲಿಯ ಬಿಸಿಲು ಕಣ್ಣು ಕುಕ್ಕುವ ಹಾಗೆ ಕಂಡರೆ ಅದು ಅವರ ಕೈಚಳಕ.

ಇನ್ನೊಂದು ನೋಡುವುದಾದರೆ 1963ರ ‘ಲೆ ಮಾನಿ ಸುಲ್ಲ ಚಿತ್ತಾ’ ನೋಡಿ. ನಗರದ ಮೇಲೆ ಕೈಗಳು ಅಂತ ಅರ್ಥ. ಇದು ನಿಮಗೆ ಸಲೀಸಾಗಿ ಹತ್ತುತ್ತದೆ, ಕಾಲದ ಗೊಂದಲ ಇಲ್ಲ. ಇಲ್ಲಿ ಬೆಟ್ಟವೂ ಇಲ್ಲ, ಬಂದೂಕೂ ಇಲ್ಲ. ನೇಪಲ್ಸ್ ನಗರದಲ್ಲಿ ಕಟ್ಟಡ ಕಟ್ಟುವ ಗುತ್ತಿಗೆದಾರನೊಬ್ಬ ನಗರಸಭೆಯ ಸದಸ್ಯನೂ ಆಗಿರುತ್ತಾನೆ. ಆ ಪಾತ್ರ ರಾಡ್ ಸ್ಟೈಗರ್ ಅವರದ್ದು. ಅವನ ಕೆಲಸ ನಡೆಯುವ ಜಾಗದ ಪಕ್ಕದ ಹಳೆ ಮನೆ ಕುಸಿದು ಜನ ಸಾಯುತ್ತಾರೆ. ತನಿಖೆ ಬೇಕು ಅನ್ನುವ ಎಡಪಕ್ಷದ ಸದಸ್ಯನ ಪಾತ್ರ ಮಾಡಿದ ಕಾರ್ಲೊ ಫೆರ್ಮರಿಯೆಲ್ಲೊ ನಿಜಜೀವನದಲ್ಲೂ ನೇಪಲ್ಸ್‌ನ ನಗರಸಭಾ ಸದಸ್ಯರೇ. ವೆನಿಸ್‌ನಲ್ಲಿ ಚಿನ್ನದ ಸಿಂಹ ಪ್ರಶಸ್ತಿ ಗೆದ್ದ ಸಿನಿಮಾ. ಅದರಲ್ಲಿ ಸಭೆಯ ಒಂದು ದೃಶ್ಯ ಬರುತ್ತದೆ. ನಿಮ್ಮ ಕೈಗೆ ರಕ್ತ ಅಂಟಿದೆ ಅನ್ನುವ ಮಾತು ಬಂದ ಕೂಡಲೇ ಆಳುವ ಪಕ್ಷದ ಸದಸ್ಯರೆಲ್ಲ ಎದ್ದು ನಿಂತು, ನಮ್ಮ ಕೈ ಶುದ್ಧ ಇದೆ ಅಂತ ಕೂಗುತ್ತಾ ಎರಡೂ ಅಂಗೈ ಮೇಲೆತ್ತಿ ತೋರಿಸುತ್ತಾರೆ. ಸಭಾಂಗಣದ ತುಂಬ ಬರೀ ಅಂಗೈಗಳು. ಅಲ್ಲಿಗೆ ಬಂದಾಗ ಸ್ವಲ್ಪ ನಿಲ್ಲಿಸಿ, ಒಂದೊಂದು ಮುಖವನ್ನೂ ನೋಡಿ. ಈ ಸಲ ಮುಖಗಳನ್ನು ರೋಸಿ ಹತ್ತಿರದಿಂದಲೇ ತೋರಿಸಿದ್ದಾರೆ.